ಗೊರೂರಿನ ಗೇಟು ಇಲ್ಲಿ ಹೊಂದುವುದಿಲ್ಲ

ನಮಸ್ಕಾರ.

ಚಿಕ್ಕಮಗಳೂರಿನಿಂದ ನೀವು ಕಳಿಸಿದ ‘ಜೀವಕೋಶದ ಕ್ಯಾಲ್ಸಿಯಂ ಬಾಗಿಲು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸುವಂಥದ್ದೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ಮಾನವ ದೇಹ ಅದ್ಭುತ ಅಂತ ಒಂದು, ರಾಗಿಯಲ್ಲಿ ಕ್ಯಾಲ್ಸಿಯಂ ಇದೆ ಅಂತ ಇನ್ನೊಂದು. ದಿನಾ ಮುದ್ದೆ ಉಣ್ಣುವ ಹಾಸನದವರಿಗೆ ರಾಗಿಯ ಪಾಠ ಬೇಕಾ?

ನನ್ನ ದೊಡ್ಡ ತಕರಾರು ಹೋಲಿಕೆಯದು. ‘ಗೊರೂರಿನಲ್ಲಿ ಹೇಮಾವತಿ ತುಂಬಿದಾಗ ಡ್ಯಾಮಿನ ಗೇಟು ತೆರೆಯುವಂತೆ’ ಚಾನೆಲ್, ಅಂದರೆ ಕೋಶದ ಹೊರಪೊರೆಯಲ್ಲಿ ಕ್ಯಾಲ್ಸಿಯಂ ಒಳಬರುವ ಬಾಗಿಲು, ತೆರೆಯುತ್ತದೆ ಎಂದಿದ್ದೀರಿ. ಓದಲು ಚೆನ್ನಾಗಿದೆ, ವಿಷಯ ಮಾತ್ರ ತಲೆಕೆಳಗು. ಡ್ಯಾಮಿನ ಗೇಟು ತೆರೆಯುವುದು ತುಂಬಿದಾಗ. ಈ ಚಾನೆಲ್ ತೆರೆಯುವುದು ಕೋಶದೊಳಗಿನ ಕ್ಯಾಲ್ಸಿಯಂ ದಾಸ್ತಾನು ಖಾಲಿಯಾದಾಗ. ಮೂರನೇ ಪುಟದಲ್ಲಿ ನೀವೇ ಇದನ್ನು ಸರಿಯಾಗಿ ಬರೆದಿದ್ದೀರಿ!

ಡ್ಯಾಮು ಬಿಟ್ಟು ಮನೆ ಮುಂದಿನ ಸಂಪು ನೋಡಿ. ನೀರು ಇಳಿದರೆ ಬಾಲು ಇಳಿಯುತ್ತದೆ, ಅದರ ಕಡ್ಡಿ ವಾಲ್ವ್ ಬಿಡಿಸುತ್ತದೆ. ಕೋಶದೊಳಗಿನ ಸಂಪು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಅಂದರೆ ಕ್ಯಾಲ್ಸಿಯಂ ಕೂಡಿಡುವ ಪೊರೆಯ ಜಾಲ. ಬಾಲು ಅಂದರೆ ಅದರ ಪೊರೆಯಲ್ಲಿ ಕೂತಿರುವ ಸ್ಟಿಮ್1 ಪ್ರೋಟೀನು. ಸಂಪಿನ ಒಳಕ್ಕೆ ಇಳಿಬಿಟ್ಟ ತುದಿಗೆ ಕ್ಯಾಲ್ಸಿಯಂ ಅಂಟಿಕೊಂಡಿರುವವರೆಗೂ ಅದು ತೆಪ್ಪಗಿರುತ್ತದೆ. ದಾಸ್ತಾನು ಇಳಿದು ಕ್ಯಾಲ್ಸಿಯಂ ಕಳಚಿತೋ, ಸ್ಟಿಮ್1ಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಕೋಶದ ಹೊರಪೊರೆ ತೀರಾ ಹತ್ತಿರವಿರುವ ಜಾಗಕ್ಕೆ ಬಂದು ಸೇರುತ್ತವೆ. ಅಲ್ಲಿ ಸಂದು ಸುಮಾರು 10–20 ನ್ಯಾನೋಮೀಟರ್ ಅಷ್ಟೆ. ಮಡಚಿಕೊಂಡಿದ್ದ ತೋಳು ಚಾಚಿ ಹೊರಪೊರೆಯ ಓರೈ1 ಅನ್ನು, ಅಂದರೆ ಚಾನೆಲ್ ಆಗುವ ಪ್ರೋಟೀನನ್ನು, ಹಿಡಿಯುತ್ತವೆ. ಬಾಗಿಲು ತೆರೆಯುತ್ತದೆ. ಹೊರಗೆ ಕ್ಯಾಲ್ಸಿಯಂ ಒಳಗಿಗಿಂತ ಸುಮಾರು 10,000 ಪಟ್ಟು ಜಾಸ್ತಿ, ಹಾಗಾಗಿ ಯಾರೂ ತಳ್ಳಬೇಕಿಲ್ಲ.

ಸಂಪಿನ ಹೋಲಿಕೆಯೂ ಪೂರ್ತಿ ಕೂಡುವುದಿಲ್ಲ. ಇಲ್ಲಿ ನೀರು ಮೊದಲು ಅಂಗಳಕ್ಕೆ, ಅಂದರೆ ಕೋಶದೊಳಗಿನ ದ್ರವಕ್ಕೆ, ನುಗ್ಗುತ್ತದೆ, ಅಲ್ಲಿಂದ ಪಂಪು ಅದನ್ನು ಸಂಪಿಗೆ ತುಂಬುತ್ತದೆ. ಅದನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ.

‘ಪ್ರೋಟೀನುಗಳು ಪರಸ್ಪರ ಅಂತರ್‌ಕ್ರಿಯೆ ನಡೆಸುತ್ತವೆ’ ಅನ್ನೋದು ಏಳು ಕಡೆ ಬಂದಿದೆ, ಎಣಿಸಿದೆ. ಏನು ಮಾಡುತ್ತವೆ ಸ್ವಾಮಿ? ಅಂಟುತ್ತವಾ, ಎಳೆಯುತ್ತವಾ, ಹಿಡಿಯುತ್ತವಾ? ಅದನ್ನೇ ಬರೆಯಿರಿ.

ಗ್ರೀಕ್ ಪುರಾಣದಲ್ಲಿ ಸ್ವರ್ಗದ ಬಾಗಿಲು ಕಾಯುವವರ ಹೆಸರು ಓರೈಗೆ ಬಂತು ಎಂದು ಹೇಳಿ, ಪಕ್ಕದಲ್ಲೇ ಹಳೇಬೀಡಿನ ದ್ವಾರಪಾಲಕರನ್ನು ನಿಲ್ಲಿಸಿದ್ದೀರಿ. ಇಷ್ಟವಾಯಿತು, ಇರಲಿ. ಆದರೆ ಹೆಸರು ಕಾವಲುಗಾರನದಾದರೂ ಓರೈ ಇಲ್ಲಿ ಬಾಗಿಲೇ. ಆರು ಓರೈ ಸುತ್ತ ಸೇರಿದರೆ ನಡುವೆ ಒಂದು ಕಂಡಿ. ಕಾವಲಿನ ಕೆಲಸ ಸ್ಟಿಮ್‌ದು.

ಇಸವಿಗಳನ್ನು ತಿದ್ದಿಕೊಳ್ಳಿ. ಸ್ಟಿಮ್‌ನ ಈ ಕೆಲಸ ಗೊತ್ತಾಗಿದ್ದು 2005ರಲ್ಲಿ, ಓರೈ ಸಿಕ್ಕಿದ್ದು 2006ರಲ್ಲಿ. ದಾಸ್ತಾನು ಖಾಲಿಯಾದರೆ ಹೊರಬಾಗಿಲು ತೆರೆಯುತ್ತದೆ ಎಂದು ವಿಜ್ಞಾನಿ ಜೇಮ್ಸ್ ಪಟ್ನಿ ಬರೆದದ್ದು 1986ರಲ್ಲೇ. ಇಪ್ಪತ್ತು ವರ್ಷ ಬಾಗಿಲೇ ಸಿಕ್ಕಿರಲಿಲ್ಲ ನೋಡಿ.

ಇನ್ನು ನಿಮ್ಮ ಕೊನೆಯ ಪುಟದ ಕೊನೆಯ ಎರಡು ಸಾಲು. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಮಕ್ಕಳು. ಅವರ ಓರೈ1ರಲ್ಲಿ 91ನೇ ಅಮೈನೋ ಆಮ್ಲ ಬದಲಾಗಿತ್ತು, ಆರ್ಜಿನೀನ್ ಇರಬೇಕಾದ ಕಡೆ ಟ್ರಿಪ್ಟೋಫಾನ್. ಸ್ಟಿಮ್ ಬಂತು, ಹಿಡಿಯಿತು, ಬಾಗಿಲು ಮಾತ್ರ ತೆರೆಯಲಿಲ್ಲ. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳಿಗೆ ಸೋಂಕಿನ ಮೇಲೆ ಏಳಲು ಬೇಕಾದ ಕ್ಯಾಲ್ಸಿಯಂ ಸಿಗಲಿಲ್ಲ. ಇಷ್ಟು ಒಳ್ಳೆ ವಿಷಯವನ್ನು ಅಷ್ಟು ಹಿಂದೆ ಬಚ್ಚಿಟ್ಟಿದ್ದು ಯಾಕೆ? ಲೇಖನ ಇಲ್ಲಿಂದಲೇ ಶುರುವಾಗಬೇಕು, ಅಲ್ವಾ?

ತಿದ್ದುವುದಿದ್ದರೆ ಕಾಫಿ ಕೊಯ್ಲು ಮುಗಿಸಿಕೊಂಡು ಕಳಿಸುತ್ತೇನೆ ಅಂದಿದ್ದೀರಿ. ಆಗಲಿ, ಅವಸರವಿಲ್ಲ. 900 ಪದ ಸಾಕು.

ಇತಿ,
ಸಂಪಾದಕ, ಹಾಸನ