ಸ್ಟೇರಿಂಗ್ ತಿರುಗಿಸಿದರೆ ಇಂಜಿನ್ ಆಫ್

ಪ್ರಶ್ನೆ: ನನ್ನದು ಹೈಡ್ರಾಲಿಕ್ ಪವರ್ ಸ್ಟೇರಿಂಗ್ ಇರುವ ಹಳೆಯ ಪೆಟ್ರೋಲ್ ಕಾರು. ಪಾರ್ಕ್ ಮಾಡುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಇಂಜಿನ್ ನಡುಗಿ ಆಫ್ ಆಗುತ್ತದೆ. ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗ ಇಂಜಿನ್ ಓಡುವ ವೇಗ) ಏರಿಸಿದರೆ ಸಾಕು ಎನ್ನುತ್ತಾರೆ ಮೆಕ್ಯಾನಿಕ್. ಸರಿಯೇ?

ಉತ್ತರ: ಬೇಡ, ಪೆಟ್ರೋಲ್ ಸುಮ್ಮನೆ ಸುಡುತ್ತದೆ, ಮೂಲ ದೋಷ ಹಾಗೇ ಉಳಿಯುತ್ತದೆ. ಸ್ಟೇರಿಂಗ್ ಪಂಪನ್ನು ಬೆಲ್ಟ್ ಮೂಲಕ ತಿರುಗಿಸುವುದು ಇಂಜಿನ್ನೇ. ಸ್ಟೇರಿಂಗ್ ತಿರುಗಿಸಿದಾಗ ಆಯಿಲ್ ಒತ್ತಡ ಏರಿ ಇಂಜಿನ್ ಮೇಲೆ ಭಾರ ಬೀಳುತ್ತದೆ. ಅದನ್ನು ಪ್ರೆಷರ್ ಸ್ವಿಚ್ ಇಸಿಯುಗೆ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಿಳಿಸುತ್ತದೆ. ಇಸಿಯು ಐಡಲ್ ವಾಲ್ವ್ ತೆರೆದು ಹೆಚ್ಚು ಗಾಳಿ ಬಿಡುತ್ತದೆ. ಸ್ವಿಚ್ ಕೆಟ್ಟರೆ ಈ ಸುದ್ದಿಯೇ ಮುಟ್ಟುವುದಿಲ್ಲ, ಭಾರ ತಾಳದೆ ಇಂಜಿನ್ ಆಫ್ ಆಗಬಹುದು.

ಮೊದಲು ಸ್ಟೇರಿಂಗ್ ಆಯಿಲ್ ಮಟ್ಟ, ಥ್ರಾಟಲ್ ಬಾಡಿ (ಇಂಜಿನ್‌ಗೆ ಗಾಳಿ ಬಿಡುವ ಭಾಗ) ಮತ್ತು ಐಡಲ್ ವಾಲ್ವ್‌ನಲ್ಲಿ ಕಟ್ಟಿದ ಕಾರ್ಬನ್ ನೋಡಿಸಿ. ಎಷ್ಟೋ ಸಲ ಕಳ್ಳ ಈ ಕಾರ್ಬನ್ನೇ. ಆಮೇಲೆ ಪಂಪ್ ಅಥವಾ ಹೈ ಪ್ರೆಷರ್ ಪೈಪಿನ ಮೇಲಿರುವ ಸ್ವಿಚ್‌ನ ಕನೆಕ್ಟರ್ ಬಿಚ್ಚಿ. ಒಳಗೆ ಆಯಿಲ್ ಒಸರಿದ್ದರೆ ಸ್ವಿಚ್ ಬದಲಿಸಿ. ಒಣಗಿದ್ದರೆ, ಇಂಜಿನ್ ಓಡುತ್ತಿರುವಾಗ ಸ್ವಿಚ್‌ಗೆ ಮಲ್ಟಿಮೀಟರ್ ಹಚ್ಚಿ ಸ್ಟೇರಿಂಗ್ ತಿರುಗಿಸಿ. ಕಂಟಿನ್ಯುಯಿಟಿ (ಸ್ವಿಚ್ ಮೂಲಕ ಕರೆಂಟ್ ಹರಿಯುವ ಸಂಪರ್ಕ) ಬದಲಾಗಲೇಬೇಕು, ಕೆಲವು ಕಾರುಗಳಲ್ಲಿ ಬರುತ್ತದೆ, ಕೆಲವದರಲ್ಲಿ ಹೋಗುತ್ತದೆ. ಕೊನೆಯವರೆಗೆ ತಿರುಗಿಸಿ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಪಂಪ್ ಬಿಸಿಯಾಗುತ್ತದೆ.