ಸೆಕ್ಸ್ ಆದ ಮೇಲೆ ಆ್ಯಂಟಿಬಯಾಟಿಕ್ ನುಂಗಿದರೆ ಲೈಂಗಿಕ ರೋಗ ಬರಲ್ವಾ?

ಕೆಲವನ್ನು ತಡೆಯಬಹುದು, ಎಲ್ಲವನ್ನೂ ಅಲ್ಲ. ಸೆಕ್ಸ್ ಆದ 72 ಗಂಟೆಯೊಳಗೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವ ಈ ಕ್ರಮಕ್ಕೆ ಡಾಕ್ಸಿ-ಪೆಪ್ ಅಂತಾರೆ.

ಮೈಯೊಳಗೆ ಹೊಕ್ಕ ಬ್ಯಾಕ್ಟೀರಿಯಾ ಆ ಕ್ಷಣಕ್ಕೇ ಕಾಯಿಲೆ ತರುವುದಿಲ್ಲ. ಮೊದಲು ಅದು ಹೆಚ್ಚಬೇಕು, ಹೆಚ್ಚಲು ಪ್ರೋಟೀನ್ ಬೇಕು. ಡಾಕ್ಸಿಸೈಕ್ಲಿನ್ ಆ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತದೆ. ಸಿಫಿಲಿಸ್ ಎಂಬ ಲೈಂಗಿಕ ರೋಗದ ಬ್ಯಾಕ್ಟೀರಿಯಾ ಒಂದು ಎರಡಾಗಲು ಒಂದು ದಿನಕ್ಕೂ ಜಾಸ್ತಿ ಬೇಕು. ಅಷ್ಟರಲ್ಲಿ ಮಾತ್ರೆ ತಲುಪಿದರೆ ಅದು ಬೇರೂರುವುದು ಕಷ್ಟ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ, ಸಿಯಾಟಲ್‌ನಲ್ಲಿ ಗೇ, ಬೈಸೆಕ್ಷುಯಲ್ ಗಂಡಸರು ಮತ್ತು ಟ್ರಾನ್ಸ್ ಮಹಿಳೆಯರ ಮೇಲೆ ನಡೆದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಈ ಮಾತ್ರೆ ತೆಗೆದುಕೊಂಡವರಲ್ಲಿ ಸೋಂಕು ಸುಮಾರು ಮೂರರಲ್ಲಿ ಎರಡು ಪಾಲು ಇಳಿದಿತ್ತು. ಸಿಫಿಲಿಸ್, ಕ್ಲಮೈಡಿಯಾಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಗೊನೊರಿಯಾದ ಅನೇಕ ತಳಿಗಳು ಈಗಾಗಲೇ ಈ ಔಷಧಕ್ಕೆ ಬಗ್ಗುವುದಿಲ್ಲ, ಹಾಗಾಗಿ ಅಲ್ಲಿ ಭರವಸೆ ಕಡಿಮೆ. ಎಚ್‌ಐವಿ, ಹರ್ಪಿಸ್ ಬರುವುದು ವೈರಸ್‌ನಿಂದ ಅಲ್ವಾ, ಅವಕ್ಕೆ ಇದು ಏನೂ ಮಾಡುವುದಿಲ್ಲ.

ದಯವಿಟ್ಟು ಸುಮ್ನೆ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ, ಮೊದಲು ಡಾಕ್ಟರನ್ನು ಕೇಳಿ. ಗರ್ಭಿಣಿಯರಿಗಂತೂ ಇದು ಬೇಡ. ಡಾಕ್ಟರು ಬರೆದುಕೊಟ್ಟರೆ ದೊಡ್ಡ ಲೋಟ ನೀರಿನ ಜೊತೆ ತೆಗೆದುಕೊಳ್ಳಿ, ಕೂಡಲೇ ಮಲಗಬೇಡಿ. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣಾಗುತ್ತದೆ.