ಜೈಲಿಗೆ ಹಾಕಲು ತುರ್ತು ಪರಿಸ್ಥಿತಿ ಬೇಕಿಲ್ಲ

ಪ್ರಶ್ನೆ: 1975ರಂತೆ ಮತ್ತೆ ತುರ್ತು ಪರಿಸ್ಥಿತಿ ಬಂದರೆ ನಮ್ಮ ಹಕ್ಕುಗಳೆಲ್ಲ ರದ್ದಾಗುತ್ತವೆಯೇ?

ಉತ್ತರ: ಪ್ರತಿ ಜೂನ್‌ನಲ್ಲೂ ಬರುವ ಪ್ರಶ್ನೆ ಇದು. ಎಲ್ಲವೂ ರದ್ದಾಗುವುದಿಲ್ಲ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್‌ನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗಳಿಗೆ, ಅಂದರೆ ಬಂಧನ ಕಾನೂನುಬದ್ಧವೇ ಎಂದು ಕೋರ್ಟನ್ನು ಕೇಳುವ ಅರ್ಜಿಗಳಿಗೆ, ಬಾಗಿಲು ಮುಚ್ಚಿದರು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ, ಮರುವರ್ಷ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರ ಕೈತಪ್ಪಿತು. 1978ರ 44ನೇ ತಿದ್ದುಪಡಿಯ ನಂತರ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನು ತುರ್ತು ಪರಿಸ್ಥಿತಿಯಲ್ಲೂ ತಡೆಯುವಂತಿಲ್ಲ. 2017ರಲ್ಲಿ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ, ಆ ಹಳೆಯ ತೀರ್ಪೂ ಬಿದ್ದುಹೋಯಿತು.

ಆದರೆ ನೀವು ಕಾವಲು ಕಾಯುತ್ತಿರುವುದು ತಪ್ಪು ಬಾಗಿಲನ್ನು. ವಿಚಾರಣೆಯಿಲ್ಲದೆ ಜೈಲಿಗೆ ಹಾಕಲು ಸರ್ಕಾರಕ್ಕೆ ತುರ್ತು ಪರಿಸ್ಥಿತಿ ಬೇಕಾಗಿಯೇ ಇಲ್ಲ. ಮುಂದೆ ಅಪರಾಧ ಮಾಡಬಹುದೆಂದು ಮೊದಲೇ ಹಿಡಿದಿಡುವ ಮುನ್ನೆಚ್ಚರಿಕೆಯ ಬಂಧನಕ್ಕೆ ಸಂವಿಧಾನದ 22ನೇ ವಿಧಿಯಲ್ಲೇ ಜಾಗವಿದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ನಿಯಮ ಅಲ್ಲಿ ಅನ್ವಯಿಸುವುದಿಲ್ಲ. ನಾವು ಗೂಂಡಾ ಕಾಯ್ದೆ ಎನ್ನುವ ಕರ್ನಾಟಕದ 1985ರ ಕಾಯ್ದೆಯಡಿ ಹನ್ನೆರಡು ತಿಂಗಳವರೆಗೆ ಹಿಡಿದಿಡಬಹುದು. ಇಂಥ ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಹಿಡಿದಿಡುವ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸುವ ಕಲಮೊಂದು ಅದೇ 44ನೇ ತಿದ್ದುಪಡಿಯಲ್ಲಿತ್ತು. ಸಂಸತ್ತು ಅಂಗೀಕರಿಸಿದ ಆ ಕಲಮನ್ನು ಯಾವ ಪಕ್ಷದ ಸರ್ಕಾರವೂ ಇಂದಿನವರೆಗೆ ಜಾರಿಗೆ ತಂದಿಲ್ಲ. ಇದನ್ನು ಬರೆಯುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಬಂಧಿತರ ಮನೆಯವರು ನನ್ನ ಬಳಿ ಬರುವಷ್ಟರಲ್ಲಿ ವಾರಗಳೇ ಕಳೆದಿರುತ್ತವೆ. 'ಮಂತ್ರಿಗಳಿಗೆ ಹೇಳಿಸುತ್ತೇನೆ' ಎಂದ ದಲ್ಲಾಳಿಯೊಬ್ಬ ಅಷ್ಟರೊಳಗೆ ಹಣ ನುಂಗಿರುತ್ತಾನೆ. ಅವನನ್ನು ಹೊಸ್ತಿಲು ತುಳಿಯಲು ಬಿಡಬೇಡಿ. ಬಂಧನದ ಕಾರಣಗಳನ್ನು ಬಂಧಿತರಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು. ಇಂಗ್ಲಿಷ್ ಕಾಗದಕ್ಕೆ ಸುಮ್ಮನೆ ಸಹಿ ಹಾಕಿಸಿಕೊಂಡರೆ ಸಾಲದು. ಕೂಡಲೇ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಸರ್ಕಾರ ಆ ಮನವಿಯನ್ನು ಕಾರಣವಿಲ್ಲದೆ ತಡಮಾಡಿದರೆ ಬಂಧನದ ಆದೇಶವೇ ಬಿದ್ದುಹೋಗಬಹುದು. ದಿನಾಂಕಗಳನ್ನು ನೀವೇ ಬರೆದಿಡಿ.

ಪ್ರಶ್ನೆ: ಆಗ ರೈಲುಗಳು ಸಮಯಕ್ಕೆ ಸರಿಯಾಗಿ ಓಡುತ್ತಿದ್ದವಂತೆ?

ಉತ್ತರ: ಪತ್ರಿಕೆಗಳಿಗೆ ಸೆನ್ಸಾರ್ ಹಾಕಿದ್ದ ಕಾಲದಲ್ಲಿ ತಡವಾಗಿ ಬಂದ ರೈಲಿನ ಸುದ್ದಿ ನಿಮಗೆ ಹೇಳುವವರು ಯಾರಿದ್ದರು?

ಪ್ರಶ್ನೆ: ಮಾನವ ಹಕ್ಕುಗಳ ಸಂಘವೊಂದು ಹಣ ಪಡೆದು ಗುರುತಿನ ಚೀಟಿ ಕೊಡುತ್ತಿದೆ. ಅದಿದ್ದರೆ ಪೊಲೀಸರು ಬಂಧಿಸುವುದಿಲ್ಲವೇ?

ಉತ್ತರ: ಬಂಧಿಸುತ್ತಾರೆ. ಹಣ ವಾಪಸ್ ಕೇಳಿ.